ರೇಸ್ ಟೈರಿನ ರಬ್ಬರ್ ಎಷ್ಟು ಗಟ್ಟಿ? ಡ್ಯೂರೋಮೀಟರ್ ಹಿಡಿದು ಗ್ರಿಪ್ ಅಂದಾಜು ಮಾಡುವ ಬಗೆ

ಟ್ರೆಡ್, ಅಂದರೆ ರಸ್ತೆಗೆ ತಾಗುವ ಟೈರಿನ ಹೊರಪದರ, ಇನ್ನೂ ಸಾಕಷ್ಟು ಉಳಿದಿದೆ. ಗಾಳಿ ಒತ್ತಡ ಸರಿಯಿದೆ. ಸಸ್ಪೆನ್ಷನ್ ಯಾರೂ ಮುಟ್ಟಿಲ್ಲ. ಆದರೂ ಕಾರು ಕಳೆದ ರೇಸಿನಲ್ಲಿ ಇದ್ದ ಹಾಗೆ ತಿರುವಿನಲ್ಲಿ ಕಚ್ಚಿಕೊಂಡು ಹೋಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಸುಮಾರು ಜನ ಮೊದಲು ಸ್ಪ್ರಿಂಗಿಗೋ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆಂಟಿ-ರೋಲ್ ಬಾರಿಗೋ ಕೈ ಹಾಕುತ್ತಾರೆ. ಸೆಟಪ್ ಬದಲಾಗಿಲ್ಲ ಅಂದಮೇಲೆ ಬದಲಾಗಿರುವುದು ಬೇರೆ ಏನೋ ಇರಬೇಕು ಅಲ್ವಾ? ಬಹಳ ಸಲ ಅದು ರಬ್ಬರ್. ನೋಡುವುದಕ್ಕೆ ಹಾಗೇ ಇರುತ್ತದೆ, ಒಳಗೆ ಗಟ್ಟಿಯಾಗಿರುತ್ತದೆ.

ಅದನ್ನು ಅಳೆಯಲು ಡ್ಯೂರೋಮೀಟರ್ ಇದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಉಪಕರಣ. ಬೆಲೆಯೂ ರೇಸ್ ಕಾರಿನ ಬೇರೆ ಸಾಮಾನಿಗೆ ಹೋಲಿಸಿದರೆ ಕಡಿಮೆಯೇ. ಹಾಗಿದ್ದೂ ಅದನ್ನು ಕೊಂಡು ಎರಡು ರೇಸಿನ ನಂತರ ಟೂಲ್ ಬಾಕ್ಸಿನ ತಳಕ್ಕೆ ಹಾಕುವವರೇ ಜಾಸ್ತಿ. ಇವತ್ತು 58 ತೋರಿಸಿತು, ನಾಳೆ 63 ತೋರಿಸಿತು, ಇದನ್ನು ನಂಬುವುದು ಹೇಗೆ ಅಂತ ಬೇಸರವಾಗುತ್ತದೆ. ತಪ್ಪು ಉಪಕರಣದ್ದಲ್ಲ. ಒಂಟಿ ಅಂಕಿಗೆ ಅರ್ಥವೇ ಇಲ್ಲ. ಅದೇ ಟೈರು, ಅದೇ ಜಾಗ, ಅದೇ ತಾಪಮಾನ, ಅದೇ ಕೈ, ಹೀಗೆ ತೆಗೆದ ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಅವು ಮಾತಾಡುತ್ತವೆ. ಈ ಮಾರ್ಗದರ್ಶಿ ಪೂರ್ತಿ ಇದೇ ಒಂದು ವಿಷಯದ ಬಗ್ಗೆ.

ಗಟ್ಟಿತನಕ್ಕೂ ಗ್ರಿಪ್ಪಿಗೂ ಏನು ನಂಟು

ರಸ್ತೆ ಕಣ್ಣಿಗೆ ನುಣುಪಾಗಿ ಕಂಡರೂ ಹತ್ತಿರದಿಂದ ನೋಡಿದರೆ ಕಲ್ಲಿನ ಚೂಪು ತುದಿಗಳೇ. ಮೆತ್ತನೆಯ ರಬ್ಬರ್ ಆ ತುದಿಗಳ ಸುತ್ತ ಇಳಿದು ಕೂರುತ್ತದೆ. ರಬ್ಬರ್ ಎಷ್ಟು ಇಳಿಯುತ್ತದೋ ರಸ್ತೆಯನ್ನು ನಿಜವಾಗಿ ಮುಟ್ಟುವ ಜಾಗ ಅಷ್ಟು ಹೆಚ್ಚು. ಅಲ್ಲಿ ಅಂಟಿಕೊಳ್ಳುವ ಬಲ ಹುಟ್ಟುತ್ತದೆ. ಇದರ ಜೊತೆಗೆ ಇನ್ನೊಂದು ಕೆಲಸ ನಡೆಯುತ್ತದೆ. ಟೈರು ಸ್ವಲ್ಪ ಜಾರುತ್ತಾ ಆ ತುದಿಗಳ ಮೇಲೆ ಹಾಯುವಾಗ ರಬ್ಬರ್ ಒತ್ತಿಸಿಕೊಳ್ಳುತ್ತದೆ, ಮತ್ತೆ ಹಿಗ್ಗುತ್ತದೆ. ಹಿಗ್ಗುವಾಗ ಒತ್ತಿದಷ್ಟೂ ಶಕ್ತಿಯನ್ನು ವಾಪಸ್ ಕೊಡುವುದಿಲ್ಲ. ಒಂದಿಷ್ಟು ಶಾಖವಾಗಿ ಹೋಗುತ್ತದೆ. ಹಾಗೆ ಕಳೆದುಹೋದ ಶಕ್ತಿಯೂ ಗ್ರಿಪ್ಪಿನ ಒಂದು ಪಾಲು. ಇದನ್ನು ಹಿಸ್ಟರೆಸಿಸ್ ಅನ್ನುತ್ತಾರೆ.

ಡ್ಯೂರೋಮೀಟರ್ ಅಳೆಯುವುದು ಮೊದಲನೆಯದಕ್ಕೆ ಸಂಬಂಧಪಟ್ಟ ಗಟ್ಟಿತನವನ್ನು ಮಾತ್ರ. ಎರಡನೆಯದನ್ನು ಅದು ನೇರವಾಗಿ ಕಾಣುವುದಿಲ್ಲ. ಒಂದು ಚಿಕ್ಕ ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಟೈರಿನ ಜಾರಿಕೆ ಶೇಕಡಾ 4 ಇದ್ದರೆ ರಬ್ಬರ್ ರಸ್ತೆಯ ಮೇಲೆ ಸೆಕೆಂಡಿಗೆ ಸುಮಾರು 1 ಮೀಟರಿನಷ್ಟು ಸವರಿಕೊಂಡು ಹೋಗುತ್ತದೆ. ಕಲ್ಲಿನ ತುದಿಗಳು 1 ಮಿಲಿಮೀಟರಿಗೆ ಒಂದು ಇದ್ದರೂ ರಬ್ಬರಿಗೆ ಸೆಕೆಂಡಿಗೆ 1000 ಏಟು ಬೀಳುತ್ತದೆ. ಡ್ಯೂರೋಮೀಟರ್ ಒತ್ತುವುದು ಸೆಕೆಂಡಿಗೆ ಒಂದು ಸಲ. ರಬ್ಬರ್ ನಿಧಾನ ಏಟಿಗೆ ಒಂದು ಥರ, ವೇಗದ ಏಟಿಗೆ ಇನ್ನೊಂದು ಥರ ವರ್ತಿಸುವ ವಸ್ತು. ಹಾಗಾಗಿ ಎರಡು ಬೇರೆ ಕಂಪನಿಗಳ ಟೈರು ಎರಡೂ 55 ತೋರಿಸಿದರೆ ಎರಡರ ಗ್ರಿಪ್ಪೂ ಒಂದೇ ಅಂತ ಹೇಳುವ ಹಾಗಿಲ್ಲ. 60 ತೋರಿಸುವ ಒಳ್ಳೆಯ ಕಾಂಪೌಂಡ್, ಅಂದರೆ ರಬ್ಬರ್ ಮಿಶ್ರಣ, 52 ತೋರಿಸುವ ಸಾಧಾರಣ ಕಾಂಪೌಂಡನ್ನು ಸೋಲಿಸಬಹುದು.

ಒಂದೇ ಕಾಂಪೌಂಡಿನ ಒಳಗೆ ಮಾತ್ರ ಕಥೆ ಬೇರೆ. ಹೊಸದರಲ್ಲಿ 52 ಇದ್ದ ಟೈರು ಈಗ ಅದೇ ತಾಪಮಾನದಲ್ಲಿ 60 ಆಗಿದೆ ಅಂದರೆ ರಬ್ಬರ್ ಬದಲಾಗಿದೆ, ಅದರಲ್ಲಿ ಅನುಮಾನ ಬೇಡ. ಯಾಕೆ ಹೀಗಾಗುತ್ತದೆ ಅಂದರೆ, ಟೈರಿನ ರಬ್ಬರಿನಲ್ಲಿ ಉದ್ದುದ್ದ ಅಣುಸರಪಳಿಗಳನ್ನು ಗಂಧಕದ ಕೊಂಡಿಗಳು ಹಿಡಿದಿಟ್ಟಿರುತ್ತವೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ವಲ್ಕನೈಸೇಷನ್ ಇದೇ. ಟೈರು ಟ್ರ್ಯಾಕಿನಲ್ಲಿ ಬಿಸಿಯಾದಾಗೆಲ್ಲ ಆ ಕೆಲಸ ಸ್ವಲ್ಪಸ್ವಲ್ಪ ಮುಂದುವರಿಯುತ್ತದೆ. ಕೊಂಡಿಗಳು ಹೆಚ್ಚುತ್ತವೆ. ಗಾಳಿಯ ಆಮ್ಲಜನಕವೂ ಸೇರಿಕೊಳ್ಳುತ್ತದೆ. ರಬ್ಬರನ್ನು ಮೆತ್ತಗಿಡಲು ಹಾಕಿದ್ದ ಎಣ್ಣೆಯ ಅಂಶ ನಿಧಾನವಾಗಿ ಹೊರಗೆ ಹೋಗುತ್ತದೆ. ಮೂರೂ ಸೇರಿ ರಬ್ಬರನ್ನು ಗಟ್ಟಿ ಮಾಡುತ್ತವೆ.

ಉಪಕರಣ: ಶೋರ್ ಎ ಮಾತ್ರ

ಆಲ್ಬರ್ಟ್ ಶೋರ್ ಎಂಬವರು 1920ರ ದಶಕದಲ್ಲಿ ರೂಪಿಸಿದ ಉಪಕರಣ ಇದು. ಅದರ ಅಳತೆಗಳಿಗೆ ಅವರ ಹೆಸರೇ ನಿಂತಿದೆ. ಶೋರ್ ಅಳತೆಯಲ್ಲಿ ಹಲವು ಬಗೆ ಇವೆ. ಟೈರಿಗೆ ಬೇಕಾದದ್ದು ಶೋರ್ ಎ. ಡಯಲಿನ ಮೇಲೆ ಎ ಅಕ್ಷರ ಇದೆಯಾ ಅಂತ ನೋಡಿಯೇ ಕೊಳ್ಳಿ, ಯಾಕೆಂದರೆ ಎ, ಸಿ, ಡಿ ಮೂರೂ ಒಂದೇ ಥರದ ಡಬ್ಬಿಯಲ್ಲಿ, ಒಂದೇ ಆಕಾರದಲ್ಲಿ ಸಿಗುತ್ತವೆ. ಡಿ ಬಗೆಯದು ಗಟ್ಟಿ ಪ್ಲಾಸ್ಟಿಕ್ಕಿಗೆ. ಅದರ ಮೊನೆ ಸೂಜಿಯ ಹಾಗೆ ಚೂಪು, ಟೈರಿಗೆ ಚುಚ್ಚುತ್ತದೆ. ಸಿ ಬಗೆಯದರ ಮೊನೆ ಎ ಥರವೇ ಕಂಡರೂ ಒಳಗಿನ ಸ್ಪ್ರಿಂಗ್ ತುಂಬಾ ಬಿಗಿ.

ಶೋರ್ ಎ ಕೆಳಭಾಗದಲ್ಲಿ ಒಂದು ಚಪ್ಪಟೆ ಪಾದ ಇರುತ್ತದೆ. ಅದರ ನಡುವಿಂದ 2.5 ಮಿಲಿಮೀಟರ್ ಉದ್ದದ ಸಣ್ಣ ಉಕ್ಕಿನ ಮೊನೆ ಹೊರಗೆ ಚಾಚಿರುತ್ತದೆ. ಮೊನೆಯ ತುದಿ ಚೂಪಲ್ಲ, 0.79 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿದ ಹಾಗಿರುತ್ತದೆ. ಒತ್ತಿದಾಗ ಮೊನೆ ಪೂರ್ತಿ ರಬ್ಬರಿನೊಳಗೆ ಇಳಿದರೆ ಅಂಕಿ 0. ಒಂದಿಷ್ಟೂ ಇಳಿಯದೆ ಪೂರ್ತಿ ಹಿಂದಕ್ಕೆ ತಳ್ಳಿಸಿಕೊಂಡರೆ 100. ಅಂದರೆ ಡಯಲಿನ ಒಂದು ಅಂಕಿಗೆ ಮೊನೆಯ ಚಲನೆ 0.025 ಮಿಲಿಮೀಟರ್. ಕೂದಲೆಳೆಗಿಂತ ಕಡಿಮೆ. ಇಷ್ಟು ಸೂಕ್ಷ್ಮವಾದ ಅಳತೆಯಲ್ಲಿ ಕೈ ಸ್ವಲ್ಪ ವಾಲಿದರೂ, ಒಂದು ಮರಳಿನ ಕಣ ಪಾದದ ಕೆಳಗೆ ಸಿಕ್ಕಿದರೂ ಅಂಕಿ ಕೆಡುತ್ತದೆ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಮುಳ್ಳಿನ ಡಯಲ್ ಒಳ್ಳೆಯದೋ ಡಿಜಿಟಲ್ ಒಳ್ಳೆಯದೋ? ನನ್ನ ಆಯ್ಕೆ ಮುಳ್ಳಿನದು, ಅದರಲ್ಲೂ ಎರಡು ಮುಳ್ಳಿರುವುದು. ಒಂದು ಮುಳ್ಳು ಈಗಿನ ಅಂಕಿ ತೋರಿಸುತ್ತದೆ, ಇನ್ನೊಂದು ಮುಟ್ಟಿದ ಗರಿಷ್ಠ ಅಂಕಿಯಲ್ಲೇ ನಿಂತಿರುತ್ತದೆ. ಇದರ ಉಪಯೋಗ ಮುಂದೆ ಬರುತ್ತದೆ. ಗರಿಷ್ಠವನ್ನು ಹಿಡಿದಿಟ್ಟು, ಇಂತಿಷ್ಟು ಸೆಕೆಂಡಿನ ಅಂಕಿಯನ್ನೂ ತೋರಿಸುವ ಡಿಜಿಟಲ್ ಇದ್ದರೆ ಅದೂ ಆಗುತ್ತದೆ.

ಪ್ರತಿ ಸಲ ಟೈರಿಗೆ ಇಡುವ ಮುಂಚೆ ಮೂರು ಪರೀಕ್ಷೆ ಮಾಡಿ. ಒಂದು ನಿಮಿಷ ಸಾಕು.

1. ಏನನ್ನೂ ಮುಟ್ಟಿಸದೆ ಗಾಳಿಯಲ್ಲಿ ಹಿಡಿಯಿರಿ. ಮುಳ್ಳು 0ಯಲ್ಲಿರಬೇಕು.
2. ದಪ್ಪ ಗಾಜಿನ ಮೇಲೆ ನೆಟ್ಟಗೆ ಒತ್ತಿ. 100 ತೋರಿಸಬೇಕು.
3. ಅಂಕಿ ನಮೂದಿಸಿದ ರಬ್ಬರಿನ ಪರೀಕ್ಷಾ ತುಂಡಿನ ಮೇಲೆ ಒತ್ತಿ. ಆ ಅಂಕಿಯ ಅಕ್ಕಪಕ್ಕವೇ ಬರಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸ್ಪ್ರಿಂಗ್ ಸೋತಿದ್ದರೂ 0 ಮತ್ತು 100 ಸರಿಯಾಗಿಯೇ ಬರುತ್ತವೆ. ನಡುವಿನ ಅಂಕಿಗಳು ಮಾತ್ರ ಸುಳ್ಳು ಹೇಳುತ್ತವೆ. ಟೈರಿನ ಅಂಕಿ ಬರುವುದೇ ಈ ನಡುವಿನಲ್ಲಿ. ಪರೀಕ್ಷಾ ತುಂಡನ್ನು ಬಿಸಿಲಿಗೆ, ಎಣ್ಣೆಗೆ ತಾಗದಂತೆ ಡಬ್ಬಿಯಲ್ಲಿಡಿ. ಅದೂ ರಬ್ಬರೇ, ಅದಕ್ಕೂ ವಯಸ್ಸಾಗುತ್ತದೆ.

ಟೈರನ್ನು ಸಿದ್ಧ ಮಾಡುವುದು

ಓಡಿ ಬಂದ ಸ್ಲಿಕ್, ಅಂದರೆ ಗೀರುಗಳಿಲ್ಲದ ನುಣುಪು ರೇಸ್ ಟೈರಿನ ಮೇಲೆ ಟ್ರ್ಯಾಕಿನಿಂದ ಹತ್ತಿದ ರಬ್ಬರ್ ಚೂರುಗಳು ಮೆತ್ತಿರುತ್ತವೆ. ಅವು ಬೇರೆ ಯಾರದೋ ಟೈರಿನವು. ಅವುಗಳ ಮೇಲೆ ಅಳೆದರೆ ನಿಮ್ಮ ಟೈರನ್ನು ಅಳೆದಂತಾಗುವುದಿಲ್ಲ. ಅಳೆಯುವ ಜಾಗದಲ್ಲಿ ಸ್ಕ್ರೇಪರಿನಿಂದ ಕೆರೆದು ತೆಗೆಯಿರಿ. ಟೈರು ಬಿಸಿಯಿರುವಾಗಲೇ ಕೆರೆದರೆ ಸುಲಭ. ಹೀಟ್ ಗನ್ ಹಿಡಿದು ಕೆರೆದಿದ್ದರೆ ಆ ಜಾಗ ಪೂರ್ತಿ ತಣ್ಣಗಾಗುವ ತನಕ ಅಳೆಯಬೇಡಿ. ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಪೆಟ್ರೋಲ್, ಥಿನ್ನರ್ ಥರದ್ದು ಏನೂ ಬೇಡ. ಅವು ರಬ್ಬರಿನೊಳಗೆ ಇಳಿದು ಅದನ್ನೇ ಮೆತ್ತಗೆ ಮಾಡುತ್ತವೆ.

ಗಾಳಿ ಒತ್ತಡ ಪ್ರತಿ ಸಲವೂ ಒಂದೇ ಇರಲಿ. ರಿಮ್ಮಿಗೆ ಹಾಕದ ಟೈರಿನ ಅಂಕಿಯನ್ನು, ಗಾಳಿ ತುಂಬಿದ ಟೈರಿನ ಅಂಕಿಯ ಜೊತೆ ಹೋಲಿಸಬೇಡಿ.

ಇನ್ನು ಜಾಗದ ವಿಷಯ. ಪ್ರಯೋಗಾಲಯದ ಪದ್ಧತಿಯಲ್ಲಿ ರಬ್ಬರ್ ಕನಿಷ್ಠ 6 ಮಿಲಿಮೀಟರ್ ದಪ್ಪ ಇರಬೇಕು, ಅಂಚಿನಿಂದ 12 ಮಿಲಿಮೀಟರ್ ಒಳಗೆ ಒತ್ತಬೇಕು, ಒಂದು ಗುರುತಿಗೂ ಇನ್ನೊಂದಕ್ಕೂ 6 ಮಿಲಿಮೀಟರ್ ಅಂತರ ಇರಬೇಕು ಅಂತ ಇದೆ. ರೇಸ್ ಟೈರಿನಲ್ಲಿ ಇದೆಲ್ಲ ಪೂರ್ತಿ ಪಾಲಿಸಲು ಆಗುವುದಿಲ್ಲ. ಸವೆದ ಸ್ಲಿಕ್ಕಿನಲ್ಲಿ ಉಳಿದಿರುವುದೇ 2 ಮಿಲಿಮೀಟರ್ ಇರಬಹುದು. ಆಗ ಮೊನೆಗೆ ರಬ್ಬರಿನ ಕೆಳಗಿರುವ ಬಿಗಿಯಾದ ದಾರದ ಪದರವೂ ತಗಲುತ್ತದೆ. ಹಲಗೆ ಮೇಲೆ ತೆಳುವಾದ ಚಾಪೆ ಹಾಸಿ ಒತ್ತಿದರೆ ಬೆರಳಿಗೆ ಹಲಗೆಯೇ ಸಿಗುತ್ತದಲ್ಲ, ಹಾಗೆ. ರಬ್ಬರ್ ಬದಲಾಗದಿದ್ದರೂ ಸವೆದ ಟೈರು ಒಂದಿಷ್ಟು ಅಂಕಿ ಜಾಸ್ತಿ ತೋರಿಸುತ್ತದೆ. ಅದಕ್ಕೇ ಗಟ್ಟಿತನದ ಜೊತೆ ಟ್ರೆಡ್ ಆಳವನ್ನೂ ಬರೆದಿಡಬೇಕು. ಸ್ಲಿಕ್ಕಿನಲ್ಲಿ ಸವೆತ ನೋಡಲೆಂದೇ ಸಣ್ಣ ತೂತುಗಳಿರುತ್ತವೆ, ಆಳವನ್ನು ಅಲ್ಲೇ ಅಳೆಯಿರಿ. ಡ್ಯೂರೋಮೀಟರನ್ನು ಮಾತ್ರ ಆ ತೂತುಗಳಿಂದ ದೂರ ಇಡಿ.

ರಸ್ತೆಗೂ ಟ್ರ್ಯಾಕಿಗೂ ಓಡುವ, ಗೀರುಗಳಿರುವ ಟೈರಾದರೆ, ಗೀರುಗಳ ನಡುವೆ ಉಬ್ಬಿರುವ ರಬ್ಬರ್ ತುಂಡುಗಳಲ್ಲಿ, ಅಂದರೆ ಬ್ಲಾಕುಗಳಲ್ಲಿ, ದೊಡ್ಡದನ್ನು ಆರಿಸಿ ಅದರ ನಟ್ಟನಡುವೆ ಒತ್ತಿ. ಸಣ್ಣ ಬ್ಲಾಕು ಒತ್ತಿದಾಗ ಪಕ್ಕಕ್ಕೆ ಉಬ್ಬಿ ಇರುವುದಕ್ಕಿಂತ ಮೆತ್ತಗೆ ಕಾಣುತ್ತದೆ.

ಒತ್ತುವ ಕ್ರಮ

ಟೈರಿನ ಅಗಲದಲ್ಲಿ ಮೂರು ಸಾಲು ಇಟ್ಟುಕೊಳ್ಳಿ: ಒಳ ಭುಜ, ನಡು, ಹೊರ ಭುಜ. ಭುಜ ಅಂದರೆ ಟ್ರೆಡ್ ಪಕ್ಕದ ಗೋಡೆಯ ಕಡೆಗೆ ತಿರುಗುವ ಅಂಚು. ಪ್ರತಿ ಸಾಲಿನಲ್ಲೂ ಸುತ್ತಳತೆಯ ಉದ್ದಕ್ಕೆ ಐದು ಕಡೆ ಅಳೆಯಬೇಕು. ಒಳಗೋಡೆ ಯಾವುದು, ಹೊರಗೋಡೆ ಯಾವುದು ಅಂತ ಮೊದಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಉಪಕರಣವನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಪಾದ ರಬ್ಬರಿಗೆ ನೆಟ್ಟಗೆ ಬರಬೇಕು. ಟೈರಿನ ಮೈ ಬಾಗಿರುವುದರಿಂದ ಇದೇ ಕಷ್ಟದ ಕೆಲಸ. ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿಯ ಟೈರಿನ ಹಾಗೆ ಚಿಕ್ಕದಾಗಿದ್ದರೆ ಇನ್ನೂ ಕಷ್ಟ. ಪಾದದ ಒಂದು ಅಂಚು ಮೊದಲು ತಾಗಿ ಇನ್ನೊಂದು ಆಮೇಲೆ ತಾಗಿತು ಅಂದರೆ ಆ ಅಳತೆ ಬಿಟ್ಟು ಪಕ್ಕದಲ್ಲಿ ಹೊಸದಾಗಿ ತೆಗೆಯಿರಿ. ಜರ್ಕು ಕೊಡದೆ, ಗುದ್ದದೆ, ನಯವಾಗಿ ಇಳಿಸಿ. ಪಾದ ಪೂರ್ತಿ ಕೂತ ಮೇಲೆ ಇನ್ನೂ ಬಲ ಹಾಕುವ ಅಗತ್ಯವಿಲ್ಲ. ಪ್ರಯೋಗಾಲಯದಲ್ಲಿ ಶೋರ್ ಎ ಮೇಲೆ 1 ಕಿಲೋ ತೂಕ ಇಟ್ಟು ಬಿಡುತ್ತಾರೆ. ನಿಮ್ಮ ಕೈಯೂ ಅಷ್ಟೇ ಭಾರ ಹಾಕಿದರೆ ಸಾಕು. ಮನೆಯ ತಕ್ಕಡಿಯ ಮೇಲೆ ಒತ್ತಿ 1 ಕಿಲೋ ಅಂದರೆ ಎಷ್ಟು ಅಂತ ಕೈಗೆ ಅಭ್ಯಾಸ ಮಾಡಿಸಿಕೊಳ್ಳಬಹುದು.

ಈಗ ಮುಳ್ಳನ್ನು ಗಮನವಿಟ್ಟು ನೋಡಿ. ಪಾದ ಕೂತ ಕ್ಷಣ ಮುಳ್ಳು ಸರ್ರನೆ ಏರುತ್ತದೆ, 57ಕ್ಕೆ ಹೋಗಿ ನಿಲ್ಲುತ್ತದೆ ಅಂದುಕೊಳ್ಳಿ. ಗರಿಷ್ಠದ ಮುಳ್ಳು ಅಲ್ಲೇ ಉಳಿಯುತ್ತದೆ. ಇನ್ನೊಂದು ಮುಳ್ಳು ನಿಮ್ಮ ಕಣ್ಣೆದುರೇ ಹಿಂದಕ್ಕೆ ಜಾರಲು ಶುರು ಮಾಡುತ್ತದೆ. 56. ಸ್ವಲ್ಪ ತಡೆದು 55. ಹತ್ತು ಸೆಕೆಂಡಾಗುವ ಹೊತ್ತಿಗೆ 53ರ ಹತ್ತಿರ ತೆವಳುತ್ತಿರುತ್ತದೆ. ಕೈ ಅಲುಗಿಲ್ಲ, ರಬ್ಬರೇ ಮೊನೆಯ ಕೆಳಗೆ ನಿಧಾನವಾಗಿ ಸರಿಯುತ್ತಿದೆ. ಯಾವ ಅಂಕಿ ಬರೆದುಕೊಳ್ಳಬೇಕು ಅನ್ನುವ ಜಗಳ ಹುಟ್ಟುವುದು ಇಲ್ಲೇ. ಒಬ್ಬರು ಗರಿಷ್ಠ ಬರೆದು ಇನ್ನೊಬ್ಬರು ಜಾರಿದ ಮೇಲಿನದು ಬರೆದರೆ ಒಂದೇ ಟೈರಿಗೆ ನಾಲ್ಕು ಅಂಕಿ ವ್ಯತ್ಯಾಸ ಬಂದುಬಿಡುತ್ತದೆ.

ನಾನು ಎರಡನ್ನೂ ಬರೆಯಿರಿ ಅನ್ನುತ್ತೇನೆ. ಪಾದ ಕೂತು 1 ಸೆಕೆಂಡಿಗೆ ಒಂದು, 10 ಸೆಕೆಂಡಿಗೆ ಇನ್ನೊಂದು. ಮುಖ್ಯ ಅಂಕಿ ಮೊದಲನೆಯದೇ. ಎರಡರ ನಡುವಿನ ಇಳಿತ ಮಾತ್ರ ಚಿಕ್ಕದೊಂದು ಸುಳಿವು. ಮುಳ್ಳು ಚೆನ್ನಾಗಿ ಜಾರುವ ರಬ್ಬರಿನಲ್ಲಿ ಶಕ್ತಿ ನುಂಗುವ ಗುಣ ಇನ್ನೂ ಇದೆ ಅಂತ ಊಹಿಸಬಹುದು. ಹಳೆಯದಾಗುತ್ತಾ ಹೋದ ಹಾಗೆ ಮುಳ್ಳು ಏರಿದ ಕಡೆಯೇ ನಿಲ್ಲತೊಡಗುತ್ತದೆ. ಇದು ಹಿಸ್ಟರೆಸಿಸ್ ಅಳತೆಯಲ್ಲ, ಸುಳಿವು ಅಷ್ಟೇ. ಆದರೂ ಒಂದೇ ಟೈರನ್ನು ತಿಂಗಳುಗಟ್ಟಲೆ ಹಿಂಬಾಲಿಸುವವರಿಗೆ ಇದು ಬೆಲೆಯುಳ್ಳ ಸುಳಿವು.

ಒಂದೇ ಗುಂಡಿಯಲ್ಲಿ ಎರಡು ಸಲ ಒತ್ತಬೇಡಿ. ಬೆರಳಗಲ ಪಕ್ಕಕ್ಕೆ ಸರಿಯಿರಿ. ಐದು ಅಂಕಿ ಬಂದ ಮೇಲೆ ಸರಾಸರಿ ತೆಗೆಯುವ ಬದಲು ಏರಿಕೆ ಕ್ರಮದಲ್ಲಿ ಬರೆದು ನಡುವಿನದನ್ನು ಆರಿಸಿ. 55, 56, 56, 57, 63 ಬಂದರೆ ಉತ್ತರ 56. ಆ 63 ಬಹುಶಃ ರಬ್ಬರಿನಲ್ಲಿ ಹುದುಗಿದ ಕಲ್ಲುಪುಡಿ. ಸರಾಸರಿ ತೆಗೆದಿದ್ದರೆ ಅದು ಲೆಕ್ಕವನ್ನು ಎಳೆದುಬಿಡುತ್ತಿತ್ತು.

ಇಬ್ಬರಿದ್ದರೆ ಒಬ್ಬರು ಒತ್ತಿ ಅಂಕಿ ಹೇಳಲಿ, ಇನ್ನೊಬ್ಬರು ಬರೆಯಲಿ. ಒತ್ತುವವರಿಗೆ ಹಿಂದಿನ ಅಂಕಿ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಬರಬೇಕು ಅಂದುಕೊಂಡ ಅಂಕಿ ಕಡೆಗೆ ಕೈ ತಾನಾಗಿ ವಾಲುತ್ತದೆ. ಇಷ್ಟೆಲ್ಲ ಜಾಗ್ರತೆ ಮಾಡಿದರೂ 1-2 ಅಂಕಿಯ ವ್ಯತ್ಯಾಸಕ್ಕೆ ಅರ್ಥ ಹುಡುಕಬೇಡಿ.

ತಾಪಮಾನ: ಇಲ್ಲೇ ಎಲ್ಲರೂ ಎಡವುವುದು

ರಬ್ಬರ್ ಬಿಸಿಯಾದರೆ ಮೆತ್ತಗಾಗುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಅಂಕಿ ಬರೆಯುವಾಗ ಪಕ್ಕದಲ್ಲಿ ತಾಪಮಾನ ಬರೆಯುವವರು ಕಡಿಮೆ. ಬೆಳಿಗ್ಗೆ ಚಳಿಯಲ್ಲಿ ಅಳೆದು, ಮಧ್ಯಾಹ್ನ ಬಿಸಿಲಲ್ಲಿ ಅಳೆದು, ಟೈರು ತಾನೇ ಮೆತ್ತಗಾಯಿತು ಅಂತ ಸಂತೋಷಪಟ್ಟರೆ ಏನು ಪ್ರಯೋಜನ?

ಬೇಕಾದದ್ದು ರಬ್ಬರಿನ ತಾಪಮಾನ, ಗಾಳಿಯದಲ್ಲ. ತಾಪಮಾನ ಅಳೆಯುವ, ಸೂಜಿ ಇರುವ ಪೈರೋಮೀಟರನ್ನು ರಬ್ಬರಿನೊಳಗೆ ಒಂದೆರಡು ಮಿಲಿಮೀಟರ್ ಚುಚ್ಚಿ ನೋಡಿ. ಮುಟ್ಟದೆ ದೂರದಿಂದಲೇ ಅಳೆಯುವ ಇನ್‌ಫ್ರಾರೆಡ್ ಉಪಕರಣ ಮೇಲ್ಮೈಯನ್ನು ಮಾತ್ರ ನೋಡುತ್ತದೆ. ಟೈರು ನೆರಳಿನಲ್ಲಿ ಗಂಟೆಗಟ್ಟಲೆ ಕೂತಿದ್ದರೆ ಅದೂ ನಡೆಯುತ್ತದೆ. ಬಿಸಿಲಿನಲ್ಲಿದ್ದರೆ, ಓಡಿ ಬಂದಿದ್ದರೆ ನಡೆಯುವುದಿಲ್ಲ.

ನೀವು ಬಳಸುವ ಕಾಂಪೌಂಡಿಗೆ ನಿಮ್ಮದೇ ಒಂದು ತಾಪಮಾನದ ಗೆರೆ ಹಾಕಿಕೊಳ್ಳಿ. ಇದು ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಭಾಗ, ದಯವಿಟ್ಟು ಬಿಡಬೇಡಿ. ಹೊಸದಾದ ಅಥವಾ ಹೆಚ್ಚು ಓಡಿರದ ಒಂದು ಟೈರನ್ನು ತೆಗೆದುಕೊಳ್ಳಿ. ರಾತ್ರಿಯಿಡೀ ಕೋಣೆಯಲ್ಲಿಟ್ಟು ಬೆಳಿಗ್ಗೆ ತಣ್ಣಗಿರುವಾಗ ಅಳೆಯಿರಿ. ಮಧ್ಯಾಹ್ನ ಅದೇ ಕೋಣೆಯಲ್ಲಿ ಮತ್ತೆ ಅಳೆಯಿರಿ. ಟೈರಿಗೆ ಸುತ್ತಿ ಬಿಸಿ ಮಾಡುವ ಟೈರ್ ವಾರ್ಮರ್ ಇದ್ದರೆ ಕಡಿಮೆ ಬಿಸಿಯಲ್ಲಿಟ್ಟು, ಒಳಗಿನ ತನಕ ಒಂದೇ ಸಮ ಬೆಚ್ಚಗಾದ ಮೇಲೆ ಮೂರನೇ ಸಲ ಅಳೆಯಿರಿ. ರಬ್ಬರಿನಲ್ಲಿ ಶಾಖ ನಿಧಾನವಾಗಿ ಹರಿಯುತ್ತದೆ, ಅವಸರ ಮಾಡಬೇಡಿ.

ಉದಾಹರಣೆಗೆ ಹೀಗೆ ಬಂತು ಅಂದುಕೊಳ್ಳೋಣ: 18 ಡಿಗ್ರಿಯಲ್ಲಿ 62, 28 ಡಿಗ್ರಿಯಲ್ಲಿ 59, 40 ಡಿಗ್ರಿಯಲ್ಲಿ 55. ಅಂದರೆ 22 ಡಿಗ್ರಿ ಏರಿಕೆಗೆ 7 ಅಂಕಿ ಇಳಿತ. ಸುಮಾರು 3 ಡಿಗ್ರಿಗೆ ಒಂದು ಅಂಕಿ. ಇನ್ನು ಮುಂದೆ ಯಾವತ್ತು ಅಳೆದರೂ ಅದನ್ನು 25 ಡಿಗ್ರಿಯ ಲೆಕ್ಕಕ್ಕೆ ತಂದು ಬರೆಯಿರಿ. ಒಂದು ಬೆಳಿಗ್ಗೆ 19 ಡಿಗ್ರಿಯಲ್ಲಿ 64 ಬಂದರೆ, 6 ಡಿಗ್ರಿಗೆ 2 ಅಂಕಿ ಕಳೆದು 62 ಅಂತ ಬರೆದುಕೊಳ್ಳುವುದು. ಈ 3 ಡಿಗ್ರಿಯ ಲೆಕ್ಕ ಉದಾಹರಣೆಯದ್ದು. ಒಂದೊಂದು ಕಾಂಪೌಂಡಿಗೆ ಒಂದೊಂದು ಥರ ಇರುತ್ತದೆ, ನಿಮ್ಮದನ್ನು ನೀವೇ ಕಂಡುಕೊಳ್ಳಬೇಕು. ಗೆರೆ ನೇರವಾಗಿಯೂ ಇರುವುದಿಲ್ಲ. ತುಂಬಾ ಚಳಿಯಲ್ಲಿ ಅಂಕಿ ಬೇಗ ಬೇಗ ಏರುತ್ತದೆ. ಹಾಗಾಗಿ ನೀವು ಅಳೆದಿರುವ ವ್ಯಾಪ್ತಿಯ ಒಳಗೆ ಮಾತ್ರ ಈ ಲೆಕ್ಕ ನಂಬಿ.

ಪಿಟ್‌ನಲ್ಲಿ ಬಿಸಿ ಅಳತೆ

ತಣ್ಣಗಿರುವಾಗಿನ ಅಂಕಿ ಟೈರಿನ ವಯಸ್ಸು ಹೇಳುತ್ತದೆ. ಬಿಸಿಯಿರುವಾಗಿನದು ಕೆಲಸ ಮಾಡುವಾಗ ಅದು ಹೇಗಿದೆ ಅಂತ ಹೇಳುತ್ತದೆ. ತಣ್ಣಗೆ ಎರಡೂ 58 ಇದ್ದ ಎರಡು ಕಾಂಪೌಂಡುಗಳಲ್ಲಿ ಒಂದು 80 ಡಿಗ್ರಿಯಲ್ಲಿ 45ಕ್ಕೆ ಇಳಿದು, ಇನ್ನೊಂದು 50ರಲ್ಲೇ ನಿಲ್ಲಬಹುದು. ತಂಪು ದಿನದ ಚಿಕ್ಕ ರೇಸಿಗೆ ಮೊದಲನೆಯದು ಚೆನ್ನ. ಬಿಸಿಲಿನ ದೀರ್ಘ ರೇಸಿನಲ್ಲಿ ಅದು ಅತಿಯಾಗಿ ಬಿಸಿಯಾಗಿ, ಹರಿದು, ಗುಳ್ಳೆ ಏಳಬಹುದು. ಮೆತ್ತಗಿದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಇಲ್ಲಿ ಸೋಲುತ್ತದೆ.

ಬಿಸಿ ಅಳತೆಗೆ ಸಮಯವೇ ಶತ್ರು. ಕಾರು ನಿಂತ ಕ್ಷಣದಿಂದ ಟ್ರೆಡ್ ತಣ್ಣಗಾಗುತ್ತಾ ಹೋಗುತ್ತದೆ. ಕಾರು ಭದ್ರವಾಗಿ ನಿಂತ ಮೇಲೆ ಇಬ್ಬರು ಜೊತೆಗೆ ಹೊರಡಿ. ಒಬ್ಬರು ಪೈರೋಮೀಟರ್ ಚುಚ್ಚಲಿ, ಅದರ ಹಿಂದೆಯೇ ಇನ್ನೊಬ್ಬರು ಡ್ಯೂರೋಮೀಟರ್ ಒತ್ತಲಿ. ಇಲ್ಲಿ 10 ಸೆಕೆಂಡ್ ಕಾಯುವ ಅಳತೆ ಬೇಡ, ಸಾಲಿಗೆ ಒಂದೇ ಅಂಕಿ ಸಾಕು. ಚಕ್ರಗಳ ಕ್ರಮ ಪ್ರತಿ ಸಲ ಒಂದೇ ಇರಲಿ. ನಾಲ್ಕನೇ ಚಕ್ರ ಮುಟ್ಟುವಷ್ಟರಲ್ಲಿ ಅದು ಮೊದಲನೆಯದಕ್ಕಿಂತ ತಣ್ಣಗಾಗಿರುತ್ತದೆ, ಕ್ರಮ ಬದಲಾಯಿಸಿದರೆ ಹೋಲಿಕೆಯೇ ಹಾಳು. ಬ್ರೇಕ್ ಡಿಸ್ಕ್ ಮತ್ತು ರಿಮ್ ಚರ್ಮ ಸುಡುವಷ್ಟು ಬಿಸಿಯಿರುತ್ತವೆ, ಕೈಗವಸು ಹಾಕಿಕೊಳ್ಳಿ.

ಅಂಕಿಗಳನ್ನು ಓದುವುದು

ಪುಸ್ತಕದಲ್ಲಿ ಪ್ರತಿ ಟೈರಿಗೂ ಒಂದು ಪುಟ. ದಿನಾಂಕ, ಕಾಂಪೌಂಡ್, ಎಷ್ಟು ಸಲ ಬಿಸಿಯಾಗಿ ತಣ್ಣಗಾಗಿದೆ ಅಂದರೆ ಎಷ್ಟು ಹೀಟ್ ಸೈಕಲ್, ರಬ್ಬರಿನ ತಾಪಮಾನ, ಮೂರು ಸಾಲಿನ ಅಂಕಿ, ಟ್ರೆಡ್ ಆಳ. ಹೊಸ ಟೈರು ಕೈಗೆ ಬಂದ ದಿನವೇ ಮೊದಲ ಸಾಲು ಬರೆಯಿರಿ. ಆ ಮೊದಲ ಅಂಕಿ ಇಲ್ಲದಿದ್ದರೆ ಮುಂದಿನ ಯಾವುದಕ್ಕೂ ಬುಡ ಇರುವುದಿಲ್ಲ. ಹೊಸ ಟೈರುಗಳೂ ಎಲ್ಲ ಒಂದೇ ಸಮ ಇರುವುದಿಲ್ಲ, ನಾಲ್ಕನ್ನೂ ಬೇರೆ ಬೇರೆಯಾಗಿ ಅಳೆಯಿರಿ.

ಸ್ಥೂಲವಾಗಿ ಹೇಳುವುದಾದರೆ ಸಾಮಾನ್ಯ ರಸ್ತೆ ಕಾರಿನ ಟೈರು ತಣ್ಣಗಿರುವಾಗ 60ರಿಂದ 70ರ ಆಸುಪಾಸು, ರೇಸ್ ಸ್ಲಿಕ್ ಅದಕ್ಕಿಂತ ಸಾಕಷ್ಟು ಕೆಳಗೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಟ್ರೆಡ್‌ವೇರ್ ಅಂಕಿ ಗಟ್ಟಿತನದ್ದಲ್ಲ, ಸವೆತದ ಹೋಲಿಕೆಯದ್ದು. ಎರಡನ್ನೂ ಬೆರೆಸಬೇಡಿ.

ಈಗ ಒಂದು ಸನ್ನಿವೇಶ ನೋಡೋಣ. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಓಡುವ ಟ್ರ್ಯಾಕು. ಬಲ ತಿರುವುಗಳೇ ಜಾಸ್ತಿ, ಹಾಗಾಗಿ ಎಡಗಡೆಯ ಟೈರುಗಳ ಮೇಲೆ ಹೆಚ್ಚು ಭಾರ. ಹೊಸದರಲ್ಲಿ ನಾಲ್ಕೂ 56ರ ಹತ್ತಿರ ಇದ್ದವು. ಈಗ 25 ಡಿಗ್ರಿ ಲೆಕ್ಕದಲ್ಲಿ ಮುಂದಿನ ಎಡ 64, ಮುಂದಿನ ಬಲ 60, ಹಿಂದಿನ ಎಡ 61, ಹಿಂದಿನ ಬಲ 60. ಚಾಲಕ ಹೇಳುವುದು, ಬಲ ತಿರುವಿನಲ್ಲಿ ಮೂತಿ ಒಳಗೆ ಬರುತ್ತಿಲ್ಲ, ಎಡ ತಿರುವಿನಲ್ಲಿ ಪರವಾಗಿಲ್ಲ ಅಂತ. ಬಲ ತಿರುವಿನಲ್ಲಿ ಕೆಲಸ ಮಾಡುವುದು ಮುಂದಿನ ಎಡ ಟೈರು, ಎಲ್ಲಕ್ಕಿಂತ ಗಟ್ಟಿಯಾಗಿರುವುದೂ ಅದೇ. ಆದರೂ ತಕ್ಷಣ ತೀರ್ಮಾನಕ್ಕೆ ಬರಬೇಡಿ. ಟೈರಿಗೆ ತಿರುಗುವ ದಿಕ್ಕಿನ ನಿರ್ಬಂಧ ಇಲ್ಲದಿದ್ದರೆ ಮುಂದಿನ ಎಡ-ಬಲ ಅದಲುಬದಲು ಮಾಡಿ ಕೆಲವು ಲ್ಯಾಪ್ ಓಡಿಸಿ. ದೂರು ಎಡ ತಿರುವಿಗೆ ಹೋದರೆ ತಪ್ಪು ಟೈರಿನದ್ದು. ಬಲ ತಿರುವಿನಲ್ಲೇ ಉಳಿದರೆ ಸೆಟಪ್ಪಿನದ್ದು. ಈ ಒಂದು ಪರೀಕ್ಷೆ ಎಷ್ಟೋ ಗಂಟೆಗಳ ವ್ಯರ್ಥ ಸ್ಪ್ರಿಂಗ್ ಬದಲಾವಣೆಯನ್ನು ಉಳಿಸುತ್ತದೆ.

ಮುಂದಿನ ಎರಡೂ ಗಟ್ಟಿಯಾದರೆ ಕಾರು ತಿರುವಿನಲ್ಲಿ ನೇರ ಹೋಗಲು ನೋಡುತ್ತದೆ, ಅಂಡರ್‌ಸ್ಟಿಯರ್. ಹಿಂದಿನ ಎರಡೂ ಗಟ್ಟಿಯಾದರೆ ಬಾಲ ಜಾರುತ್ತದೆ, ಓವರ್‌ಸ್ಟಿಯರ್. ಒಂದೇ ಟೈರಿನ ಒಳ ಭುಜ ಮಾತ್ರ ನಾಲ್ಕೈದು ಅಂಕಿ ಜಾಸ್ತಿ ಇದ್ದರೆ ಆ ಭಾಗ ಹೆಚ್ಚು ಬೆಂದಿದೆ ಅಂತ ಅರ್ಥ. ಚಕ್ರ ಮೇಲಿಂದ ಕೆಳಕ್ಕೆ ವಾಲಿರುವ ಕೋನ (ಕ್ಯಾಂಬರ್), ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ (ಟೋ) ನೋಡಿ.

ಬಹಳ ದಿನ ಇಟ್ಟ ಟೈರಿನಲ್ಲಿ ಮೇಲಿನ ತೆಳು ಪದರ ಮಾತ್ರ ಗಟ್ಟಿಯಾಗಿರುವುದೂ ಉಂಟು. ಕೆಲವು ಲ್ಯಾಪ್ ಓಡಿ, ತಣ್ಣಗಾದ ಮೇಲೆ ಅಳೆದರೆ ಅಂಕಿ ಇಳಿದಿರುತ್ತದೆ. ಕೆಳಗಿನ ಒಳ್ಳೆಯ ರಬ್ಬರ್ ಮೇಲೆ ಬಂದಿದೆ ಅಂತ ತಿಳಿಯಬೇಕು. ಇಳಿಯದಿದ್ದರೆ ಆಳದವರೆಗೂ ಮುಗಿದಿದೆ.

ಎಷ್ಟಾದರೆ ಟೈರು ಬದಲಿಸಬೇಕು

ಎಲ್ಲರಿಗೂ ಒಂದೇ ಅಂಕಿ ಹೇಳುವವರನ್ನು ನಂಬಬೇಡಿ. ನಿಮ್ಮ ಗಡಿ ನಿಮ್ಮ ದಾಖಲೆಯಲ್ಲೇ ಸಿಗುತ್ತದೆ. ಒಂದು ಹಾಳೆಯಲ್ಲಿ ಅಡ್ಡಕ್ಕೆ ಗಟ್ಟಿತನ, ಉದ್ದಕ್ಕೆ ಲ್ಯಾಪ್ ಸಮಯ ಹಾಕಿ ಚುಕ್ಕಿ ಇಡುತ್ತಾ ಹೋಗಿ. ಟ್ರ್ಯಾಕಿನ ತಾಪಮಾನ, ಇಂಧನದ ಭಾರ ಹತ್ತಿರಹತ್ತಿರ ಇದ್ದ ದಿನಗಳನ್ನೇ ಸೇರಿಸಿ. ಒಂದೇ ಒಂದು ಅತಿ ವೇಗದ ಲ್ಯಾಪ್ ಬದಲು ಟೈರು ಬಿಸಿಯಾದ ನಂತರದ ಐದಾರು ಲ್ಯಾಪಿನ ನಡುವಿನ ಅಂಕಿ ತೆಗೆದುಕೊಳ್ಳಿ. ಕಾರಿನಲ್ಲಿ ವೇಗ ಮುಂತಾದವನ್ನು ದಾಖಲಿಸುವ ಡೇಟಾ ಲಾಗರ್ ಇದ್ದರೆ ಇನ್ನೂ ಒಳ್ಳೆಯ ದಾರಿ ಇದೆ. ಒಂದು ಉದ್ದನೆಯ ತಿರುವನ್ನು ಆರಿಸಿಕೊಂಡು ಅಲ್ಲಿನ ಕನಿಷ್ಠ ವೇಗವನ್ನು ಮಾತ್ರ ಹಿಂಬಾಲಿಸಿ. ಲ್ಯಾಪ್ ಸಮಯದಲ್ಲಿ ಎಂಜಿನ್, ಬ್ರೇಕ್, ಮುಂದಿನ ಕಾರಿನ ಅಡ್ಡಿ ಎಲ್ಲ ಬೆರೆತಿರುತ್ತದೆ. ಆ ತಿರುವಿನಲ್ಲಿ ಟೈರೇ ಮುಖ್ಯ.

ಸಾಮಾನ್ಯವಾಗಿ ಚುಕ್ಕಿಗಳು ಸ್ವಲ್ಪ ದೂರ ಮಟ್ಟಸವಾಗಿ ಹೋಗಿ, ಒಂದು ಹಂತದಲ್ಲಿ ಹದಗೆಡಲು ಶುರುವಾಗುತ್ತವೆ. ಆ ಬಾಗು ಎಲ್ಲಿದೆಯೋ ಅದೇ ನಿಮ್ಮ ಗಡಿ. ಅದಕ್ಕೆ ಮುಂಚೆ ರೇಸಿಗೆ, ಅದು ದಾಟಿದ ಮೇಲೆ ಅಭ್ಯಾಸಕ್ಕೆ.

ಬಳಸಿದ ಟೈರು ಕೊಳ್ಳುವಾಗಲೂ ಈ ಪುಸ್ತಕ ಕೆಲಸಕ್ಕೆ ಬರುತ್ತದೆ. ಅದೇ ಕಾಂಪೌಂಡಿನ ಹೊಸ ಟೈರಿನ ಅಂಕಿ ನಿಮ್ಮ ಬಳಿ ಇದ್ದರೆ ಮಾರುವವರ ಮಾತಿಗಿಂತ ಮುಳ್ಳಿನ ಮಾತೇ ನಂಬಿಕೆಗೆ ಯೋಗ್ಯ. ಪಕ್ಕದಲ್ಲಿ ನಾಲ್ಕು ಅಂಕಿಯ ತಯಾರಿಕೆ ದಿನಾಂಕ ಇದ್ದರೆ ಓದಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1423 ಅಂದರೆ 2023ರ 14ನೇ ವಾರ.

ಒಂದು ಎಚ್ಚರಿಕೆ ಮಾತ್ರ ಇದೆ. ರಬ್ಬರಿಗೆ ಸವರಿ ಮೆತ್ತಗೆ ಮಾಡುವ ರಾಸಾಯನಿಕಗಳು ಸಿಗುತ್ತವೆ. ಅವುಗಳಿಂದ ಅಂಕಿ ಇಳಿಯುತ್ತದೆ, ಟೈರು ಹೊಸದಾಗುವುದಿಲ್ಲ. ಸುಮಾರು ರೇಸ್ ಸರಣಿಗಳಲ್ಲಿ ಅವು ನಿಷಿದ್ಧ. ತಪಾಸಣೆಯವರೂ ಇದೇ ಡ್ಯೂರೋಮೀಟರ್ ಹಿಡಿದು ಬರುತ್ತಾರೆ. ಜೊತೆಗೆ ಅವು ಚರ್ಮಕ್ಕೂ ಶ್ವಾಸಕ್ಕೂ ಒಳ್ಳೆಯದಲ್ಲ. ಬಳಸಿದ ಟೈರು ಅದರ ವಯಸ್ಸಿಗೆ ಹೊಂದದಷ್ಟು ಮೆತ್ತಗಿದ್ದು, ಎಣ್ಣೆಯ ಘಾಟು ವಾಸನೆ ಬಂದರೆ ಕೊಳ್ಳಬೇಡಿ.

ಅಂಕಿ ಏರದಂತೆ ಇಟ್ಟುಕೊಳ್ಳುವುದು

ಗಟ್ಟಿಯಾದ ರಬ್ಬರನ್ನು ಹಿಂದಕ್ಕೆ ತರಲು ಆಗದು, ಗಟ್ಟಿಯಾಗುವುದನ್ನು ನಿಧಾನ ಮಾಡಬಹುದು. ಹೊಸ ಟೈರನ್ನು ಮೊದಲ ಸಲ ಕೆಲವು ಲ್ಯಾಪ್ ಹಗುರವಾಗಿ ಓಡಿಸಿ, ಒಂದೇ ಸಮ ಬಿಸಿ ಮಾಡಿ, ಆಮೇಲೆ ಒಂದು ದಿನ ಪೂರ್ತಿ ಸುಮ್ನೆ ಬಿಡಿ. ಹೀಗೆ ಹದ ಮಾಡಿದ ಟೈರು ಮುಂದೆ ಹೆಚ್ಚು ಕಾಲ ಒಂದೇ ಥರ ನಡೆಯುತ್ತದೆ ಅಂತ ಹಲವು ತಯಾರಕರೇ ಸಲಹೆ ಕೊಡುತ್ತಾರೆ.

ಸೀಸನ್ ಮುಗಿದ ಮೇಲೆ ಟೈರುಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ತಂಪಾದ ಕತ್ತಲೆ ಕೋಣೆಯಲ್ಲಿಡಿ. ಅದೇ ಕೋಣೆಯಲ್ಲಿ ವಿದ್ಯುತ್ ಮೋಟಾರು, ವೆಲ್ಡಿಂಗ್ ಯಂತ್ರ ಇರಬಾರದು. ಅವುಗಳ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ. ಕೋಣೆ ಹೆಪ್ಪುಗಟ್ಟುವಷ್ಟು ತಣ್ಣಗೂ ಇರಬಾರದು. ಅಂಥ ಚಳಿಯಲ್ಲಿ ಮೃದು ಕಾಂಪೌಂಡಿನ ಸ್ಲಿಕ್ಕನ್ನು ಬಗ್ಗಿಸಿದರೆ, ಬೀಳಿಸಿದರೆ ಸೀಳಬಹುದು. ಚೀಲಕ್ಕೆ ಹಾಕುವ ದಿನ ಒಂದು ಸಾಲು, ಹೊರತೆಗೆದ ದಿನ ಇನ್ನೊಂದು ಸಾಲು ಪುಸ್ತಕದಲ್ಲಿ ಬರೆಯಿರಿ. ಎರಡರ ನಡುವೆ ಮೂರು ಅಂಕಿಗಿಂತ ಜಾಸ್ತಿ ಏರಿದ್ದರೆ ಮುಂದಿನ ವರ್ಷ ಟೈರುಗಳಿಗೆ ಬೇರೆ ಕೋಣೆ ಹುಡುಕಿ.